ಹಿಡಿ ಬಿಟ್ಟು ಹೋದ ಪಿಸ್ತೂಲು

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿರುವ ಹೆಂಗಸು ಹಲ್ಲಿನ ಸೆಟ್ಟುಗಳನ್ನು ತಯಾರಿಸುತ್ತಾಳೆ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಇವಳಲ್ಲಿಗೆ ಕಳಿಸುತ್ತಾರೆ. ಇವಳು ಅದರ ಮೇಲೆ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಬಾಯಿಯ ಒಡೆಯ ಯಾರೆಂದು ಅವಳಿಗೆ ತಿಳಿಯುವುದೇ ಇಲ್ಲ. "ಬಸ್ಸಲ್ಲಿ ಯಾರಾದರೂ ಬಾಯಿತುಂಬ ನಕ್ಕರೆ, ಇದು ನಮ್ಮನೆಯದೇನೋ ಅಂತ ನೋಡ್ತೀನಿ" ಎಂದು ಒಮ್ಮೆ ನನಗೆ ಹೇಳಿದ್ದಳು. ಅವಳು ತಮಾಷೆ ಮಾಡುವಾಗಲೂ ಮುಖ ಗಂಭೀರವಾಗಿಯೇ ಇರುತ್ತದೆ.

ಅವಳ ಇನ್ನೊಂದು ಬದುಕು ಗುರಿ ಹೊಡೆಯುವ ಕ್ಲಬ್ಬಿನಲ್ಲಿದೆ. ಅಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಹಳೆಯ ಮುದ್ರಣಾಲಯದ ಹಿಂದಿನ ಗೋದಾಮೇ ಕ್ಲಬ್ಬು. ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಸೊಂಟಮಟ್ಟದ ಮೇಜುಗಳು, ಇನ್ನೊಂದು ತುದಿಯಲ್ಲಿ ಕಪ್ಪು ಬೊಟ್ಟಿನ ಬಿಳಿ ರಟ್ಟುಗಳು. ಗಾಳಿಯ ಒತ್ತಡದಿಂದ ಹಾರುವ, ಕಡಲೆಕಾಳಿಗಿಂತಲೂ ಚಿಕ್ಕದಾದ ಸೀಸದ ಗುಂಡು ಅವರದು. ಅದರಲ್ಲಿ ಯಾರನ್ನೂ ಕೊಲ್ಲಲಾಗುವುದಿಲ್ಲ. ತಾಳ್ಮೆ ಇಲ್ಲದವರನ್ನು ಮಾತ್ರ ಮನೆಗೆ ಕಳಿಸಬಹುದು.

ಅವಳನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದದ್ದು ಅವಳ ಚಿಕ್ಕಪ್ಪ. ಹಲ್ಲಕ್ಕ ಶಾಲೆಯಲ್ಲಿದ್ದಾಗಲೇ ಅವಳ ತಂದೆ ತೀರಿಕೊಂಡರು. ಓದಿಸಿದ್ದು, ಕೆಲಸ ಕಲಿಯಲು ಹಾಕಿದ್ದು, ಬಂದ ಗಂಡನ್ನು ಒಂದು ಸಂಜೆಯೆಲ್ಲ ಕೂರಿಸಿ ವಿಚಾರಿಸಿದ್ದು, ಎಲ್ಲವೂ ಚಿಕ್ಕಪ್ಪನೇ. ಅವರು ಪೀಠೋಪಕರಣ ಮಾಡುವ ಬಡಗಿ. ವಯಸ್ಸಾದ ಮೇಲೆ ಅಂಗಡಿ ಬಿಟ್ಟು ಕ್ಲಬ್ಬಿನ ಉಸ್ತುವಾರಿ ವಹಿಸಿಕೊಂಡರು. ಗೋದಾಮಿನ ಮೂಲೆಯಲ್ಲಿ ಅವರದೊಂದು ಕೆಲಸದ ಮೇಜು. ಕ್ಲಬ್ಬಿನವರೆಲ್ಲರ ಪಿಸ್ತೂಲುಗಳಿಗೆ ಹಿಡಿ ಕೆತ್ತಿಕೊಡುವುದು ಅವರ ಕೆಲಸ, ಅವರ ಹೆಮ್ಮೆ.

ಹಿಡಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಕಾರ್ಖಾನೆಯಿಂದ ಪಿಸ್ತೂಲಿನ ಜೊತೆ ಬರುವ ಮರದ ಹಿಡಿ ಎಲ್ಲರ ಕೈಗೂ ಆಗಲೆಂದು ಮಾಡಿದ್ದು. ಆದ್ದರಿಂದ ಯಾರ ಕೈಗೂ ಸರಿಯಾಗಿ ಕೂರುವುದಿಲ್ಲ. ಚೆನ್ನಾಗಿ ಹೊಡೆಯುವವರು ತಮ್ಮ ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಬೇರೆಯದನ್ನು ಕೆತ್ತಿಸಿಕೊಳ್ಳುತ್ತಾರೆ. ಅಂಥ ಹಿಡಿಯನ್ನು ಇನ್ನೊಬ್ಬರು ಹಿಡಿದರೆ ಪರರ ಚಪ್ಪಲಿ ಮೆಟ್ಟಿದ ಹಾಗಾಗುತ್ತದೆ.

ಹಲ್ಲಕ್ಕ ಬಹಳ ಕಾಲ ಕ್ಲಬ್ಬಿನ ಸವೆದ ಪಿಸ್ತೂಲಿನಲ್ಲೇ ಹೊಡೆದಳು. ದೊಡ್ಡ ಪಂದ್ಯಕ್ಕೆ ಹೋಗುವ ತಂಡದ ಆಯ್ಕೆಯಲ್ಲಿ ಪ್ರತಿ ಸಲವೂ ಅವಳ ಹೆಸರು ಕಾಯ್ದಿರಿಸಿದವರ ಸಾಲಿನಲ್ಲಿ ಬರುತ್ತಿತ್ತು. ತಂಡದವರಲ್ಲಿ ಯಾರಿಗಾದರೂ ಜ್ವರ ಬಂದರೆ ಅವಳು ಹೋಗಬೇಕು. ಯಾರಿಗೂ ಜ್ವರ ಬರಲಿಲ್ಲ. ಕಳೆದ ವರ್ಷ ಕಣ್ಣಿನ ಡಾಕ್ಟರು, ಹತ್ತಿರದ ನೋಟ ಮಂದವಾಗತೊಡಗಿದೆ, ಇನ್ನು ಪಿಸ್ತೂಲಿನ ತುದಿಯ ಗುರಿಕಡ್ಡಿ ಮಸುಕಾಗುತ್ತಲೇ ಹೋಗುತ್ತದೆ ಎಂದರು. ಅಂದರೆ ಹೋಗುವುದಾದರೆ ಈ ವರ್ಷವೇ ತಂಡಕ್ಕೆ ಹೋಗಬೇಕು. ಅವಳು ಹೊಸ ಪಿಸ್ತೂಲು ತರಿಸಿದಳು.

"ಈ ದುಡ್ಡಿಗೆ ಒಂದು ಫ್ರಿಜ್ಜು, ಒಂದು ಸೋಫಾ ಬರ್ತಿತ್ತು" ಎಂದ ಅವಳ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು.

"ಫ್ರಿಜ್ಜು ಹಿಡ್ಕೊಂಡು ಗುರಿ ನೋಡೋಕಾಗುತ್ತಾ?"

"ಸೋಫಾ ಮೇಲೆ ಕೂತು ನೋಡಬಹುದಿತ್ತು."

ಚಿಕ್ಕಪ್ಪ ಅದಕ್ಕೆ ಹಿಡಿ ಕೆತ್ತಿದರು. ಅವಳ ಅಂಗೈಗೆ ಬಣ್ಣ ಬಳಿದು, ಮರದ ತುಂಡನ್ನು ಹಿಡಿಸಿ, ಬಣ್ಣ ತಾಗಿದ ಕಡೆ ಉಜ್ಜಿ, ಮತ್ತೆ ಹಿಡಿಸಿ, ದಿನಗಟ್ಟಲೆ ಕೂತು ಮಾಡಿದರು. ಈಚೆಗೆ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಕ್ಲಬ್ಬಿನ ಖಜಾಂಚಿ, ತಾನು ಮಾಡಿಸಿಕೊಂಡ ಹಿಡಿ ಬೆರಳಿಗೆ ಒತ್ತುತ್ತದೆಂದು ಹಿಂದಿನ ತಿಂಗಳಷ್ಟೇ ವಾಪಸು ಕೊಟ್ಟಿದ್ದ. ಅದನ್ನು ಚಿಕ್ಕಪ್ಪ ಮರೆತಿರಲಿಲ್ಲ. ಹಲ್ಲಕ್ಕನ ಹಿಡಿಯನ್ನು ಎಣ್ಣೆ ಹಚ್ಚಿ ಒರೆಸಿ, ಎಲ್ಲರೆದುರು ಅವಳ ಕೈಗಿಟ್ಟು, "ಇನ್ನು ತಪ್ಪಿದರೆ ಅದು ನಿನ್ನ ತಪ್ಪು, ಮರದ್ದಲ್ಲ" ಎಂದರು.

ತಪ್ಪತೊಡಗಿತು. ಎಲ್ಲ ಗುಂಡೂ ಅಲ್ಲ. ನಾಲ್ಕಾರು ಗುಂಡುಗಳು ಒಂದರ ಮೇಲೊಂದು ಬಿದ್ದು, ಆಮೇಲೆ ಒಂದು ಎಲ್ಲೋ ಅಂಚಿಗೆ ಹೋಗುತ್ತಿತ್ತು. ಟ್ರಿಗರ್ ಎಳೆಯುವಾಗ ಕೆಲವೊಮ್ಮೆ ನಡುವೆ ಏನೋ ತಡೆದಂತೆ ಅವಳ ಬೆರಳಿಗೆ ತಿಳಿಯುತ್ತಿತ್ತು. ಮೊದಲು ತನ್ನ ಉಸಿರನ್ನು ದೂರಿದಳು, ಆಮೇಲೆ ಕಣ್ಣನ್ನು, ಆಮೇಲೆ ನಿದ್ದೆಯನ್ನು. ಕೊನೆಗೊಂದು ಸಂಜೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ಚಿಕ್ಕಪ್ಪ, ಟ್ರಿಗರ್ ಸರಿಯಿಲ್ಲ" ಎಂದಳು.

ಖಜಾಂಚಿ ಪಕ್ಕದಲ್ಲೇ ನಿಂತಿದ್ದ. "ಟ್ರಿಗರ್ರೋ, ಹಿಡಿಯೋ?" ಎಂದು ಕೇಳಿದ.

ಚಿಕ್ಕಪ್ಪ ಪಿಸ್ತೂಲನ್ನು ಎತ್ತಿಯೂ ನೋಡಲಿಲ್ಲ. "ಕಂಪನಿಯವರದು ದೋಷ. ಈಗ ಬರೋ ಮಾಲೆಲ್ಲ ಹೀಗೇನೇ. ನಾನು ಬೇಕಾದರೆ ಬರೆದು ಕೊಡ್ತೀನಿ" ಎಂದು ಗೋದಾಮಿಗೆಲ್ಲ ಕೇಳುವಂತೆ ಹೇಳಿದರು. "ಇಲ್ಲಿ ಬಿಟ್ಟು ಹೋಗು, ಬಿಚ್ಚಿ ನೋಡಿ ಹೇಳ್ತೀನಿ."

ತೀರ್ಪು ಮೊದಲು, ವಿಚಾರಣೆ ಆಮೇಲೆ. ಅವಳಿಗೆ ಆಗ ಹಾಗನ್ನಿಸಲಿಲ್ಲ. ಮರುದಿನ ಹೋದಾಗ ಚಿಕ್ಕಪ್ಪ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಸಿದ್ಧಮಾಡಿದ್ದರು. ತಾವು ಕೆತ್ತಿದ ಹಿಡಿಯನ್ನು ಬಿಚ್ಚಿ, ಕಾರ್ಖಾನೆಯ ಮೂಲ ಹಿಡಿಯನ್ನೇ ಮತ್ತೆ ಹಾಕಿದ್ದರು.

"ವಾಪಸ್ ಕಳಿಸು. ಒಳಗಡೆ ಗಡಬಡ ಇದೆ."

"ಹಿಡೀನೂ ಕಳಿಸ್ಲಾ? ನಾನು ಹೊಡೆಯೋದು ಅದರಲ್ಲೇ ಅಲ್ವಾ?"

"ಅವರು ಕಳೆದುಹಾಕ್ತಾರೆ. ಇನ್ನೊಂದು ಮಾಡೋಕೆ ನನಗೆಲ್ಲಿ ಪುರುಸೊತ್ತು? ಇಲ್ಲೇ ಇರಲಿ, ಇನ್ನೊಂದು ಕೈ ಎಣ್ಣೆ ಕೊಟ್ಟಿರ್ತೀನಿ."

"ಹಾಗಾದರೆ ಕಳಿಸೋಕೆ ಮುಂಚೆ ಈ ಕಂಪನಿ ಹಿಡಿಯಲ್ಲಿ ಒಂದಷ್ಟು ಹೊಡೆದು ನೋಡ್ತೀನಿ."

"ಬೇಡ ಕಣೇ. ಆಯ್ಕೆ ಹತ್ತಿರ ಬಂತು. ಈಗ ಬೇರೆ ಹಿಡಿ ಹಿಡಿದರೆ ಕೈ ಕೆಡುತ್ತೆ."

ಅವಳು ಹೊಡೆದು ನೋಡಲಿಲ್ಲ. ಓದಿಸಿದವರು, ಕಲಿಸಿದವರು ಬೇಡವೆಂದರು, ಅಷ್ಟು ಸಾಕಾಗಿತ್ತು.

ಪಾರ್ಸೆಲ್ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ಒಳಗೇನಿದೆಯೆಂದು ಕೇಳಿದಳು.

"ಪಿಸ್ತೂಲು."

ಹುಡುಗಿಯ ಕುರ್ಚಿ ಹಿಂದಕ್ಕೆ ಸರಿಯಿತು. "ಗುಂಡು ಹಾಕಿದೆಯಾ?"

"ಗಾಳಿಯದು. ಗಾಳಿ ತುಂಬೋ ಸಿಲಿಂಡರನ್ನೂ ತೆಗೆದಿಟ್ಟು ಬಂದಿದ್ದೀನಿ. ಇದಕ್ಕೆ ಲೈಸೆನ್ಸ್ ಬೇಡ ಅನ್ನೋ ನಿಯಮದ ಕಾಗದ ಇಲ್ಲಿದೆ, ಕಾರ್ಖಾನೆಯವರು ಕಳಿಸಿ ಅಂದಿದ್ದು ಇಲ್ಲಿದೆ."

"ನೀವು ಏನು ಕೆಲಸ ಮಾಡ್ತೀರಿ?"

"ಹಲ್ಲು ಮಾಡ್ತೀನಿ."

ಹುಡುಗಿ ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದಳು. ಆತ ಇನ್ನೊಬ್ಬನನ್ನು ಕರೆತಂದ. ಮೂವರೂ ಪೆಟ್ಟಿಗೆಯನ್ನು ಬಗ್ಗಿ ನೋಡಿ, ಕೊನೆಗೆ "ಯಂತ್ರದ ಭಾಗ" ಎಂದು ಚೀಟಿ ಹಚ್ಚೋಣ ಎಂದರು. ಹಲ್ಲಕ್ಕ ಒಪ್ಪಲಿಲ್ಲ. "ಇದ್ದದ್ದು ಇದ್ದ ಹಾಗೆ ಬರೀರಿ" ಎಂದು ಹಟ ಹಿಡಿದು, 'ಕ್ರೀಡಾ ಪಿಸ್ತೂಲು, ದುರಸ್ತಿಗೆ' ಎಂದು ಬರೆಸಿಯೇ ಹೊರಬಿದ್ದಳು.

ಕಾರ್ಖಾನೆ ದೂರದಲ್ಲಿತ್ತು. ಆಯ್ಕೆಯ ದಿನ ಸಮೀಪಿಸುತ್ತಿತ್ತು. ಕೊನೆಗೆ ಅಲ್ಲಿನ ದುರಸ್ತಿ ವಿಭಾಗದಿಂದ ಫೋನು ಬಂತು. ಆಗ ಅವಳ ಮುಂದೆ ಯಾರದೋ ಮೇಲ್ದವಡೆ ಅರ್ಧಕ್ಕೆ ನಿಂತಿತ್ತು.

"ಮೇಡಂ, ನಿಮ್ಮ ಪಿಸ್ತೂಲು ನೋಡಿದ್ವಿ. ಏನೂ ತೊಂದರೆ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಯಂತ್ರಕ್ಕೆ ಬಿಗಿದು ಹೊಡೆದ್ವಿ, ಕೈಯಲ್ಲಿ ಹೊಡೆದ್ವಿ. ಎಲ್ಲಾ ಒಂದೇ ತೂತಲ್ಲಿ ಹೋಗ್ತಿದೆ."

"ಟ್ರಿಗರ್ ನಡುವೆ ತಡೆಯುತ್ತೆ ಅಂತ ಬರೆದಿದ್ದೆನಲ್ಲ."

"ನಮಗೆ ತಡೀಲಿಲ್ಲ. ಇದಕ್ಕೆ ಹಾಕಿರೋದು ನಮ್ಮ ಹಿಡಿ. ನೀವು ಇದರಲ್ಲೇ ಹೊಡೀತೀರಾ?"

"ಇಲ್ಲ, ನಂದು ಬೇರೆ ಇದೆ. ಕೆತ್ತಿಸಿದ್ದು."

"ಅದನ್ನ ಕಳಿಸಬೇಕಿತ್ತು ನೋಡಿ. ಎಷ್ಟೋ ಸಲ ಒಳಗಿನ ಮರ ಟ್ರಿಗರ್ ಸರಳಿಗೆ ತಾಗಿಕೊಂಡಿರುತ್ತೆ. ಬಿಗಿಯಾಗಿ ಹಿಡಿದಾಗ ಮಾತ್ರ ಒತ್ತುತ್ತೆ, ಸಡಿಲ ಹಿಡಿದರೆ ಗೊತ್ತಾಗಲ್ಲ. ಅರ ಹಾಕಿ ಎರಡು ಸಲ ಉಜ್ಜಿದರೆ ಹೋಗುತ್ತೆ. ಯಾರು ಮಾಡಿಕೊಟ್ಟಿದ್ದು?"

ಇಲ್ಲಿ ಹಲ್ಲಕ್ಕನಿಗೆ ಸಿಟ್ಟು ಬಂತು. "ಮಾಡಿದವರು ಜೀವನವಿಡೀ ಮರದ ಕೆಲಸ ಮಾಡಿದವರು. ಅವರೇ ಬಿಚ್ಚಿ ನೋಡಿದ್ದಾರೆ. ಮಾಲು ಕೆಟ್ಟದ್ದು ಕೊಟ್ಟು ಮರದ ಮೇಲೆ ಹಾಕಬೇಡಿ. ಮಾರುವಾಗ ಒಂದು ನಾಲಿಗೆ, ರಿಪೇರಿಗೆ ಬಂದಾಗ ಇನ್ನೊಂದು."

"ಬೈಕೊಳ್ಳಿ ಮೇಡಂ. ಅದಕ್ಕೇ ನನ್ನ ಕೂರಿಸಿದ್ದಾರೆ" ಎಂದ ಅವನು. "ಏನೂ ಬದಲಾಯಿಸಿಲ್ಲ, ಹಾಗೇ ವಾಪಸ್ ಕಳಿಸ್ತೀನಿ."

ಸಂಜೆ ಅವಳು ಈ ಮಾತನ್ನು ಚಿಕ್ಕಪ್ಪನಿಗೆ ಒಂದಕ್ಷರ ಬಿಡದೆ ಹೇಳಿದಳು. ಮರ ತಾಗುವ ವಿಷಯವನ್ನೂ ಹೇಳಿದಳು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. "ಅವರ ಹೊಟ್ಟೆಪಾಡು ಅದು. ಒಪ್ಪಿಕೊಂಡರೆ ಕೆಲಸ ಹೋಗುತ್ತೆ. ನೀನು ಸರಿಯಾಗೇ ಬೈದೆ" ಎಂದರು. ಅವಳಿಗೆ ಸಮಾಧಾನವಾಯಿತು.

ಪಿಸ್ತೂಲು ದಾರಿಯಲ್ಲಿರುವಾಗಲೇ ಆಯ್ಕೆ ನಡೆಯಿತು. ಹಲ್ಲಕ್ಕ ಕ್ಲಬ್ಬಿನ ಸವೆದ ಪಿಸ್ತೂಲು ಹಿಡಿದು ನಿಂತಳು. ಅದರ ಹಿಡಿ ಹತ್ತಾರು ಕೈಗಳಲ್ಲಿ ಉಜ್ಜಿ ಉಜ್ಜಿ ಯಾರದೂ ಅಲ್ಲದಂತಾಗಿತ್ತು. ಚಿಕ್ಕಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವಳು ಚೆನ್ನಾಗಿಯೇ ಹೊಡೆದಳು. ಸಾಕಾಗುವಷ್ಟು ಚೆನ್ನಾಗಿ ಅಲ್ಲ. ತಂಡದ ಕೊನೆಯ ಹೆಸರಿನ ಕೆಳಗೆ ಗೆರೆ ಎಳೆದರು, ಗೆರೆಯ ಕೆಳಗೆ ಅವಳ ಹೆಸರು ಬಂತು. ಮತ್ತೆ ಯಾರಿಗಾದರೂ ಜ್ವರ ಬರಬೇಕು.

"ನಿನ್ನ ಪಿಸ್ತೂಲಿದ್ದಿದ್ದರೆ ನೀನೇ ಇರ್ತಿದ್ದೆ" ಎಂದು ಚಿಕ್ಕಪ್ಪ ಅವಳ ಭುಜ ತಟ್ಟಿದರು. "ಆ ಕಂಪನಿಯವರು ಹಾಳಾಗಿ ಹೋಗಲಿ."

ಎಲ್ಲ ಮುಗಿದ ಮೇಲೆ ಈ ಮಾತನ್ನು ನನಗೆ ಹೇಳುವಾಗ ಹಲ್ಲಕ್ಕ ತನ್ನ ಭುಜವನ್ನು ಮುಟ್ಟಿಕೊಂಡಳು. ಅವಳಿಗೆ ಚುಚ್ಚಿದ್ದು ಸೋಲಲ್ಲ, ಭುಜದ ಮೇಲಿನ ಆ ಕೈ.

ಪಿಸ್ತೂಲು ಬಂತು. ಚಿಕ್ಕಪ್ಪ ಎಣ್ಣೆ ಹಚ್ಚಿ ಇಟ್ಟಿದ್ದ ತಮ್ಮ ಹಿಡಿಯನ್ನು ತಾವೇ ಕೂರಿಸಿ ಕೊಟ್ಟರು. ಅವಳು ಹೊಡೆದಳು. ಟ್ರಿಗರ್ ನೀರಿನಂತೆ ಹರಿಯಿತು. ರಟ್ಟಿನ ನಡುವೆ ಒಂದೇ ತೂತು ಅಗಲವಾಗುತ್ತಾ ಹೋಯಿತು. ಅಂಚಿಗೆ ಒಂದೂ ಹೋಗಲಿಲ್ಲ.

"ನೋಡಿದಿರಾ," ಎಂದರು ಚಿಕ್ಕಪ್ಪ, ಖಜಾಂಚಿಗೆ ರಟ್ಟು ತೋರಿಸುತ್ತಾ. "ಒಳಗಿಂದೊಳಗೆ ರಿಪೇರಿ ಮಾಡಿ, ಏನೂ ಇರಲಿಲ್ಲ ಅಂತಾರೆ. ನಾನು ಅವತ್ತೇ ಹೇಳಿದ್ದೆ."

ಖಜಾಂಚಿ ತಲೆಯಾಡಿಸಿದ. "ನಿಮ್ಮ ಕಣ್ಣು ಕಣ್ಣೇ" ಎಂದ. ಆ ವಾರ ಅವನು, ತಾನು ವಾಪಸು ಕೊಟ್ಟಿದ್ದ ಹಿಡಿಯನ್ನೇ ತಿದ್ದಿಕೊಡಿ ಎಂದು ಚಿಕ್ಕಪ್ಪನನ್ನು ಕೇಳಿದ.

ಹಲ್ಲಕ್ಕ ಎಲ್ಲರ ಜೊತೆ ನಕ್ಕು ಮನೆಗೆ ಬಂದಳು. ಆದರೆ ತನ್ನ ಕೆಲಸದಿಂದ ಅವಳಿಗೊಂದು ಅಭ್ಯಾಸವಾಗಿದೆ. ನಿನ್ನೆಯವರೆಗೆ ಒಸಡಿಗೆ ಒತ್ತುತ್ತಿದ್ದ ಹಲ್ಲಿನ ಸೆಟ್ಟು ಇವತ್ತು ಒತ್ತುವುದಿಲ್ಲ ಎಂದರೆ ಅದನ್ನು ಯಾರೋ ಉಜ್ಜಿದ್ದಾರೆ ಎಂದೇ ಅರ್ಥ. ತಾನಾಗಿ ಯಾವುದೂ ಸರಿಹೋಗುವುದಿಲ್ಲ. ಫೋನಿನವನು ಏನೂ ಬದಲಾಯಿಸಿಲ್ಲ ಎಂದಿದ್ದ. ಅವನು ಸುಳ್ಳು ಹೇಳಿದ್ದರೆ ಸರಿಯೇ. ನಿಜ ಹೇಳಿದ್ದರೆ?

ಭಾನುವಾರ ಬೆಳಿಗ್ಗೆ ಗಂಡ ಬಟ್ಟೆ ಒಣಹಾಕುತ್ತಿದ್ದಾಗ ಅವಳು ಕೆಲಸದ ಮೇಜಿನ ದೀಪ ಹಾಕಿ ಹಿಡಿಯನ್ನು ಬಿಚ್ಚಿದಳು. ಒಳಗಿನ ಮರ ಎಣ್ಣೆ ಕುಡಿದು ಕಂದಾಗಿತ್ತು. ಒಂದು ಕಡೆ ಮಾತ್ರ ಉಗುರಗಲದ ತಗ್ಗು. ಅಲ್ಲಿನ ಬಣ್ಣ ತೆಳು, ಎಣ್ಣೆ ಹೊಸದು. ಕೆತ್ತನೆಯ ಗೆರೆಗಳೆಲ್ಲ ಉದ್ದಕ್ಕೆ ಓಡಿದ್ದರೆ, ಆ ತಗ್ಗಿನೊಳಗೆ ಅರದ ಗೆರೆಗಳು ಅಡ್ಡಡ್ಡ. ತಗ್ಗಿನ ಎರಡು ಅಂಚಿನಲ್ಲೂ ಮರದ ಮೇಲೆ ಬೂದು ಹೊಳಪಿನ ಸಣ್ಣ ಗೀರು ಉಳಿದಿತ್ತು. ಲೋಹ ಉಜ್ಜಿದ ಗುರುತು. ನಡುವಿನ ಭಾಗವನ್ನು ಉಜ್ಜಿ ತೆಗೆಯಲಾಗಿತ್ತು.

ಅವಳು ಅಷ್ಟಕ್ಕೇ ತೀರ್ಮಾನಿಸಲಿಲ್ಲ. ಒಸಡಿನ ಭಾಗ ಮಾಡಲು ಅವಳು ಗುಲಾಬಿ ಪುಡಿಯನ್ನು ಒಂದು ದ್ರವದಲ್ಲಿ ಕಲಸುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಅದು ಕಲ್ಲಿನಂತಾಗುತ್ತದೆ. ಅದನ್ನು ತಗ್ಗಿಗೆ ತುಂಬಿ, ಸುತ್ತಲಿನ ಮರದ ಮಟ್ಟಕ್ಕೆ ಸಮಮಾಡಿದಳು. ಒಣಗಿದ ಮೇಲೆ ಹಿಡಿಯನ್ನು ಪಿಸ್ತೂಲಿಗೆ ಕೂರಿಸಿ, ಗುಂಡಿಲ್ಲದೆ ಗೋಡೆಯ ಕಡೆ ತಿರುಗಿಸಿ, ಪಂದ್ಯದಲ್ಲಿ ಹಿಡಿಯುವಷ್ಟೇ ಬಿಗಿಯಾಗಿ ಹಿಡಿದು ಟ್ರಿಗರ್ ಎಳೆದಳು.

ತಡೆಯಿತು. ಅದೇ ಜಾಗದಲ್ಲಿ, ಅದೇ ರೀತಿ.

"ಏನಾಯ್ತೇ?" ಎಂದ ಗಂಡ, ಒದ್ದೆ ಅಂಗಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು.

"ಏನಿಲ್ಲ. ಕಂಪನಿಯವನು ನಿಜ ಹೇಳಿದ್ದ."

ಕೈ ನಡುಗುವ ಮುದುಕನಿಂದ ಒಂದು ಕಡೆ ಮರ ಹೆಚ್ಚು ಉಳಿದದ್ದು ದೊಡ್ಡ ವಿಷಯವಲ್ಲ. ನಾನಾಗಲಿ ಅವಳಾಗಲಿ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವಳು ಪಿಸ್ತೂಲನ್ನು ಬಿಟ್ಟುಹೋದ ಆ ಸಂಜೆಯೇ ಅವರು ಹಿಡಿ ಬಿಚ್ಚಿದ್ದರು. ಬೂದು ಗೀರನ್ನು ಆಗಲೇ ಕಂಡಿದ್ದರು. ಮಾಡಬೇಕಾದದ್ದು ಅರ ಹಾಕಿ ಉಜ್ಜುವ ಕೆಲಸ, ಅರ್ಧ ಗಂಟೆಯದು. ಅದನ್ನು ಆಗಲೇ ಮಾಡಿದ್ದರೆ ಪಿಸ್ತೂಲು ಕಾರ್ಖಾನೆಗೆ ಹೋಗದೆಯೇ ಸರಿಯಾಗುತ್ತಿತ್ತು. ಆಗ ದೋಷ ಯಾರದೆಂದು ಖಜಾಂಚಿಗೂ ಗೊತ್ತಾಗುತ್ತಿತ್ತು. ಆದ್ದರಿಂದ ಪಿಸ್ತೂಲು ಮೊದಲು ಊರು ಬಿಡಬೇಕು, ಆಮೇಲೆ ಅರ ಕೈಗೆ ಬರಬೇಕು. ಆಯ್ಕೆಯ ದಿನ ಅವರಿಗೆ ಗೊತ್ತಿತ್ತು. ಕಣ್ಣಿನ ಡಾಕ್ಟರು ಹೇಳಿದ್ದೂ ಗೊತ್ತಿತ್ತು, ಏಕೆಂದರೆ ಅವಳನ್ನು ಅಲ್ಲಿಗೆ ಕರೆದೊಯ್ದದ್ದೇ ಅವರು.

ಮರುದಿನ ಸಂಜೆ ಅವಳು ಕ್ಲಬ್ಬಿಗೆ ಹೋಗಿ ಹಿಡಿಯನ್ನು ಚಿಕ್ಕಪ್ಪನ ಮೇಜಿನ ಮೇಲೆ ಒಳಭಾಗ ಮೇಲಾಗಿ ಇಟ್ಟಳು. ಕಂದು ಮರದ ನಡುವೆ ಗುಲಾಬಿ ತೇಪೆ ಎದ್ದು ಕಾಣುತ್ತಿತ್ತು. ಅವರು ಅದನ್ನು ನೋಡಿದರು. ಖಜಾಂಚಿಯ ಹಿಡಿಯನ್ನು ಉಜ್ಜುತ್ತಿದ್ದ ಕೈ ನಿಂತಿತು.

"ಏನಿದು ಬಣ್ಣ?" ಎಂದರು.

"ನೀವು ತೆಗೆದದ್ದನ್ನು ನಾನು ತುಂಬಿದೆ. ಮತ್ತೆ ತಡೆಯುತ್ತೆ."

"ಮರ ಅಂದಮೇಲೆ ಉಬ್ಬುತ್ತೆ, ಇಳಿಯುತ್ತೆ."

"ಅರದ ಗೆರೆ ಮೂಡಿಸಿಕೊಂಡು ಇಳಿಯುತ್ತಾ?"

ಚಿಕ್ಕಪ್ಪ ಸ್ವರ ತಗ್ಗಿಸಿದರು. "ಮೆಲ್ಲಗೆ ಮಾತಾಡೇ. ಅವನು ಅಲ್ಲೇ ಇದ್ದಾನೆ."

ಖಜಾಂಚಿ ತುಸು ದೂರದ ಮೇಜಿನಲ್ಲಿ ಗುಂಡಿನ ಡಬ್ಬಿ ಎಣಿಸುತ್ತಿದ್ದ.

"ನೋಡು, ಅವತ್ತು ಬಾಯಿಂದ ಬಂದುಬಿಡ್ತು, ಕಂಪನಿ ದೋಷ ಅಂತ" ಎಂದರು ಚಿಕ್ಕಪ್ಪ. "ಆಮೇಲೆ ಬಿಚ್ಚಿ ನೋಡಿದೆ. ಹೇಗೆ ಹೇಳಲಿ? ಇವನೊಬ್ಬ ಆಗಲೇ ಹಿಡಿ ವಾಪಸ್ ಕೊಟ್ಟಿದ್ದ. ನಿಂದೂ ಕೆಟ್ಟಿದೆ ಅಂದ್ರೆ ಈ ಮೇಜಿನ ಮುಂದೆ ನನ್ನ ಯಾರು ಕೂರಿಸ್ತಾರೆ? ಆಯ್ಕೆ ಹೊತ್ತಿಗೆ ಬಂದುಬಿಡುತ್ತೆ ಅಂದುಕೊಂಡೆ."

"ಬರಲಿಲ್ಲವಲ್ಲ. ಆಗಲಾದರೂ ಹೇಳಬಹುದಿತ್ತು. ಈ ಹಿಡಿ ನಿಮ್ಮ ಹತ್ತಿರಾನೇ ಇತ್ತು."

"ಮನೆಯ ಮಾತು, ಹೊಟ್ಟೆಗೆ ಹಾಕ್ಕೋ. ನಿನಗಾಗಿ ನಾನು ಏನೆಲ್ಲ ಮಾಡಿಲ್ಲ?"

ಅವರು ಮಾಡಿದ್ದು ನಿಜವೇ. ಅವಳು ಅಲ್ಲೇ ನಿಂತು ಫೋನು ತೆಗೆದು ಕಾರ್ಖಾನೆಯ ದುರಸ್ತಿ ವಿಭಾಗಕ್ಕೆ ಹಚ್ಚಿದಳು.

"ನಾನು, ಟ್ರಿಗರ್ ತಡೆಯುತ್ತೆ ಅಂತ ಪಿಸ್ತೂಲು ಕಳಿಸಿದ್ದೆನಲ್ಲ, ನಿಮಗೆ ಬೈದವಳು."

"ಬೈದವರು ಬಹಳ ಜನ ಇದ್ದಾರೆ ಮೇಡಂ," ಎಂದ ಅವನು. "ಹಾಂ, ಹಾಂ, ಕೆತ್ತಿಸಿದ ಹಿಡಿಯವರು. ಮತ್ತೆ ತಡೆಯಿತಾ?"

"ಇಲ್ಲ. ನಿಮ್ಮ ಪಿಸ್ತೂಲಲ್ಲಿ ಏನೂ ದೋಷ ಇರಲಿಲ್ಲ. ಹಿಡಿಯಲ್ಲಿತ್ತು, ನೀವು ಹೇಳಿದ ಜಾಗದಲ್ಲೇ. ನಾನು ಬೈದದ್ದು ತಪ್ಪಾಯಿತು, ಅದನ್ನು ಹೇಳೋಕೆ ಮಾಡಿದೆ."

"ಅಯ್ಯೋ, ಅದಕ್ಕೆಲ್ಲ ಯಾರು ಫೋನ್ ಮಾಡ್ತಾರೆ? ಹಿಡಿ ಮಾಡಿದವರಿಗೆ ಹೇಳಿದಿರಾ?"

"ಅವರಿಗೆ ಮೊದಲೇ ಗೊತ್ತಿತ್ತು," ಎಂದಳು ಹಲ್ಲಕ್ಕ, ಎಂದಿನ ಸ್ವರದಲ್ಲಿ. "ನಮ್ಮ ಚಿಕ್ಕಪ್ಪ. ಗೊತ್ತಿದ್ದೂ ಪಿಸ್ತೂಲನ್ನು ನಿಮಗೆ ಕಳಿಸಿದರು."

ಡಬ್ಬಿ ಎಣಿಸುವ ಸದ್ದು ನಿಂತಿತ್ತು. ಅವಳು ಫೋನು ಚೀಲಕ್ಕೆ ಹಾಕಿದಳು.

"ಜನರ ಮುಂದೆ ಹೇಳಿಬಿಟ್ಟೆಯಲ್ಲ" ಎಂದರು ಚಿಕ್ಕಪ್ಪ.

"ಕಂಪನಿಯವರ ದೋಷ ಅಂತ ನೀವೂ ಜನರ ಮುಂದೆಯೇ ಹೇಳಿದ್ದು."

ಖಜಾಂಚಿ ಎದ್ದು ಬಂದು, ಯಾರ ಮುಖವನ್ನೂ ನೋಡದೆ ತನ್ನ ಹಿಡಿಯನ್ನು ಮೇಜಿನಿಂದ ಎತ್ತಿಕೊಂಡು ಹೋದ.

ಚಿಕ್ಕಪ್ಪ ಈಗಲೂ ಕ್ಲಬ್ಬಿನ ಬೀಗದ ಕೈ ಇಟ್ಟುಕೊಂಡಿದ್ದಾರೆ; ಹಿಡಿ ಕೆತ್ತಿಸಿಕೊಳ್ಳಲು ಯಾರೂ ಬರುವುದಿಲ್ಲ. ಹಲ್ಲಕ್ಕ ಕಾರ್ಖಾನೆಯ ಹಿಡಿಗೇ ಅಲ್ಲಲ್ಲಿ ಮರದ ಪುಡಿ, ಅಂಟು ಕಲಸಿದ ಲಪ್ಪ ತುಂಬಿ ತನ್ನ ಕೈಗೆ ಹೊಂದಿಸಿಕೊಂಡು ಹೊಡೆಯುತ್ತಾಳೆ. ಗುರಿಕಡ್ಡಿ ಮಸುಕಾಗತೊಡಗಿದೆ. ತಂಡ ಅವಳಿಲ್ಲದೆ ಹೋಗಿ ಬಂತು. ಈ ಸಲವೂ ಯಾರಿಗೂ ಜ್ವರ ಬರಲಿಲ್ಲ.

ಸಂಬಂಧಿಕರು ಅವಳನ್ನು ಕಠಿಣ ಮನಸ್ಸಿನವಳು ಎನ್ನುತ್ತಾರೆ. ಸಾಕಿದವರನ್ನು ಹತ್ತು ಜನರೆದುರು ತಲೆತಗ್ಗಿಸುವಂತೆ ಮಾಡಿದಳಂತೆ. ಚಿಕ್ಕಪ್ಪ ಅವಳ ತಲೆಯನ್ನು ಆಯ್ಕೆಯ ದಿನವೇ ತಗ್ಗಿಸಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಕಿದ ಉಪಕಾರಕ್ಕಾಗಿ ಇಷ್ಟನ್ನು ಕ್ಷಮಿಸಬೇಕೆಂಬುದು ಬಹುಜನರ ಅಭಿಪ್ರಾಯ. ನನ್ನ ಅಭಿಪ್ರಾಯ ಅದಲ್ಲ.

"ಮಾತು ಬಿಟ್ಟಿದ್ದೀಯಾ?" ಎಂದು ನಾನು ಕೇಳಿದೆ.

"ಇಲ್ಲಮ್ಮ, ಮಾತಾಡ್ತೀನಿ. ಅವರಿಗೆ ಔಷಧ ತಂದುಕೊಡ್ತೀನಿ, ಕಣ್ಣಿಗೆ ಹನಿ ಹಾಕ್ತೀನಿ," ಎಂದಳು ಹಲ್ಲಕ್ಕ. ಆಮೇಲೆ, "ಮೊನ್ನೆ ಕ್ಲಬ್ಬಿಂದ ಹೊರಡುವಾಗ, ಮಳೆ ಬರ್ತಿದೆ, ಕೊಡೆ ತಗೊಂಡು ಹೋಗು ಅಂದರು. ನಿಜಾನಾ ಅಂತ ಕಿಟಕಿ ಹತ್ತಿರ ಹೋಗಿ ನೋಡಿ ಬಂದೆ" ಎಂದಳು.